ಕಲ್ಲವ್ವನ ಮನೆಯ ಎಡಬಲ

ನಮ್ಮೂರಿಗೆ ಹೆಣ್ಣು ನೋಡಲು ಬರುವವರು ಮನೆ ಎಲ್ಲಿದೆ ಎಂದು ಕೇಳುವುದಿಲ್ಲ, ಇವತ್ತು ಎಲ್ಲಿದೆ ಎಂದು ಕೇಳುತ್ತಾರೆ. ಊರು ಮಗ್ಗುಲು ಬದಲಿಸುತ್ತದೆ. ಸಾಮಾನ್ಯವಾಗಿ ಮಧ್ಯಾಹ್ನ, ಊಟ ಮುಗಿದು ಕಣ್ಣು ಎಳೆಯುವ ಹೊತ್ತಿಗೆ, ಕಿವಿ ಒಮ್ಮೆ ಗವ್ ಎಂದು ಮುಚ್ಚಿ ತೆರೆಯುತ್ತದೆ. ಹೊರಗೆ ಬಂದು ನೋಡಿದರೆ ಗಿರಣಿಯವರ ಪಕ್ಕದಲ್ಲಿದ್ದ ಮನೆ ಕುಂಬಾರರ ನಡುವೆ ಇರುತ್ತದೆ. ಒಲೆಯ ಮೇಲಿನ ಹಾಲು ಕೂಡ ತುಳುಕಿರುವುದಿಲ್ಲ. ನೀರಿನ ಟಾಕಿ, ಶಾಲೆ, ಸಂತೆ ಬಯಲು ಇದ್ದಲ್ಲೇ ಇರುತ್ತವೆ, ಮನೆಗಳು ಮಾತ್ರ ಹೊರಳುತ್ತವೆ. ನಾವು ಇದಕ್ಕೆ ಒಗ್ಗಿಕೊಂಡಿದ್ದೇವೆ. ಹಾಲಿನವನು ಮನೆಗೆ ಬರುವುದಿಲ್ಲ, ನಾವೇ ಟಾಕಿಯ ಕೆಳಗೆ ಹೋಗಿ ತರುತ್ತೇವೆ. ನೆರೆಯವರೊಡನೆ ಜಗಳವಾದರೆ, ನಾಳೆ ಹೇಗೂ ಹೋಗುತ್ತಾರೆ ಎಂದು ಸುಮ್ಮನಾಗುತ್ತೇವೆ.

ಒಗ್ಗದೆ ಉಳಿದದ್ದು ಒಂದೇ. ಮನೆ ಜಾರುವುದು. ಎಡಬಲದವರು ಯಾರೂ ಹೆಸರು ಹೇಳದೆ ಉಳಿದ ಮನೆ ಮೆಲ್ಲಗೆ ಊರಂಚಿಗೆ ಸರಿಯುತ್ತದೆ, ಅಂಚಿನಿಂದ ಜಾಲಿ ಬೆಳೆದ ಬಯಲಿಗೆ, ಬಯಲಿನಿಂದ ಆಚೆಗೆ. ಸಿಂಪಿಗೇರ ಅಣ್ಣಯ್ಯನ ಮನೆ ಹಾಗೆ ಹೋದಾಗ ನಾನು ಚಿಕ್ಕವಳು. ಕಣ್ಣಿಗೆ ಮನೆ ಕಾಣದಾದ ಮೇಲೂ ಅವನ ಹೊಲಿಗೆ ಯಂತ್ರದ ಸದ್ದು ಬಯಲಿನ ಕಡೆಯಿಂದ ಬರುತ್ತಿತ್ತು. ನನ್ನವ್ವ ನನ್ನ ಕಿವಿ ಮುಚ್ಚಿ ಒಳಗೆ ಕರೆದುಕೊಂಡು ಹೋಗಿದ್ದಳು. ತಮ್ಮ ಮನೆ ಊರಂಚಿನಲ್ಲಿ ಬಂದು ನಿಂತ ದಿನ ನಮ್ಮವರು ಯಾರೂ ಹಿತ್ತಲ ಬಾಗಿಲು ತೆಗೆಯುವುದಿಲ್ಲ.

ಅದಕ್ಕಾಗಿಯೇ ಅಕ್ಕಪಕ್ಕ ಎಂಬ ನಮ್ಮೂರ ಜಾಲತಾಣ ಇದೆ. ಪ್ರತಿ ಮನೆಗೂ ಅಲ್ಲಿ ಒಂದು ಬ್ಲಾಗು. ಊರು ಹೊರಳಿದ ಕೂಡಲೇ ಮನೆಯಲ್ಲಿದ್ದವರು ಕಿಟಕಿಯಿಂದ ನೋಡಿ ಮೊದಲ ಸಾಲು ಬರೆಯಬೇಕು: ಎಡಕ್ಕೆ ಯಾರು, ಬಲಕ್ಕೆ ಯಾರು. ಆಮೇಲೆ ಏನು ಬೇಕಾದರೂ ಬರೆಯಬಹುದು. ಜನ ಬರೆಯುತ್ತಾರೆ ಕೂಡ, ಹಾಗಲಕಾಯಿ ಪಲ್ಯದ ಬಗ್ಗೆ, ಸೊಸೆಯ ಬಗ್ಗೆ, ಮಂಡಿನೋವಿನ ಬಗ್ಗೆ, ನಡುನಡುವೆ ಪದ್ಯ. ಎಲ್ಲರ ಮೊದಲ ಸಾಲುಗಳನ್ನು ಒಂದಕ್ಕೊಂದು ಗಂಟು ಹಾಕಿ, ಟಾಕಿಯಿಂದ ನಿಮ್ಮ ಮನೆಗೆ ಇವತ್ತಿನ ದಾರಿ ಯಾವುದು ಎಂದು ಅಕ್ಕಪಕ್ಕ ಹೇಳುತ್ತದೆ. ಫೋನ್ ಇದ್ದರೆ ಸಾಲದು. ಮನೆಗೆ ಫೋನ್ ಮಾಡಿದರೆ, ನಮ್ಮ ಪಕ್ಕ ತೋಟಗೇರ ಮನೆ ಇದೆ ಎಂದು ನನ್ನ ಅತ್ತೆ ಹೇಳಿಯಾರು. ತೋಟಗೇರ ಮನೆ ಎಲ್ಲಿಗೆ ಹೋಗಿದೆ ಎಂದು ಅವರಿಗೇನು ಗೊತ್ತು?

ಅಕ್ಕಪಕ್ಕದಲ್ಲಿ ಸೂಚನೆ ಬರೆಯುವ ಕೆಲಸ ನನ್ನದು. ಟಾಕಿಯ ಕೆಳಗಿನ ಕೋಣೆಯಲ್ಲಿ ಕುಳಿತು, ಇವತ್ತು ಫೋಟೋ ಹಾಕಲಾಗದು, ಇವತ್ತು ನಿಧಾನವಿದೆ, ಇವತ್ತು ಸರಿಹೋಗಿದೆ ಎಂದು ಬರೆಯುತ್ತಿದ್ದೆ. ಅಕ್ಕಪಕ್ಕವನ್ನು ನಡೆಸುವ ಮಷಿನ್ ಮುದಿಯಾಗಿತ್ತು. ಹಿಂದಿನ ಬೇಸಿಗೆಯಲ್ಲಿ ಅದು ಕೆಟ್ಟು, ಅರ್ಧ ಊರು ಶಾಲೆಯ ಜಗಲಿಯಲ್ಲಿ ಮಲಗಿತ್ತು. ಆಗ ಊರ ಸಮಿತಿಯವರು ಹೊಸದಾಗಿ ಕಟ್ಟಲು, ಮಷಿನ್ ಕೆಲಸ ಬಲ್ಲ ಮಹಾರುದ್ರನಿಗೆ ಹೇಳಿದರು. ಮಹಾರುದ್ರ ಹೆಚ್ಚು ಮಾತಿನವನಲ್ಲ. ಮನೆಗೂ ಹೋಗದೆ ಆ ಕೋಣೆಯಲ್ಲೇ ಇದ್ದು ಕೆಲಸ ಮಾಡಿದ. ಅವನ ತಾಯಿ ಕಲ್ಲವ್ವ ಮನೆಯಲ್ಲಿ ಒಬ್ಬಳೇ. ಆಕೆಗೆ ಓದುಬರಹ ಬಾರದು. ದಿನವೂ ಪಕ್ಕಕ್ಕೆ ಬಂದವರು ಯಾರೋ ತಮ್ಮ ಪುಟದಲ್ಲಿ 'ಎಡಕ್ಕೆ ಕಲ್ಲವ್ವ' ಎಂದೋ 'ಬಲಕ್ಕೆ ಕಲ್ಲವ್ವ' ಎಂದೋ ಬರೆಯುತ್ತಿದ್ದರು. ಅಷ್ಟರಿಂದಲೇ ಆಕೆಯ ಮನೆ ಊರಿನಲ್ಲಿ ನಿಂತಿತ್ತು.

ಹಳೆಯದರಿಂದ ಹೊಸದಕ್ಕೆ ಪುಟಗಳನ್ನು ಸಾಗಿಸುವಷ್ಟು ಹೊತ್ತು ಅಕ್ಕಪಕ್ಕ ಮುಚ್ಚಬೇಕಿತ್ತು. ಊರು ಹೊರಳುವುದು ಮಧ್ಯಾಹ್ನ ತಾನೆ, ಬೆಳಗ್ಗೆ ಶುರುಮಾಡಿ ಊಟದೊಳಗೆ ಮುಗಿಸೋಣ ಎಂದು ಮಹಾರುದ್ರ ಹೇಳಿದ. ನಾನು ಸೂಚನೆ ಬರೆದೆ. ಸಮಿತಿಯ ಅಧ್ಯಕ್ಷ ಸಂಗನಗೌಡರು ಅದನ್ನು ಓದಿ ಹುಬ್ಬು ಗಂಟಿಕ್ಕಿದರು.

"ಅಲ್ರೀ ಪ್ರಭಾವತಿ, 'ಮನಿ ಬಿಟ್ಟು ಹೊರಗ ಬೀಳಬ್ಯಾಡ್ರಿ' ಅಂತ ಬರದೀರಲ್ಲ, ಊರಿಗೆ ಬೆಂಕಿ ಬಿದ್ದೈತೇನು? 'ಸ್ವಲ್ಪ ಅಡಚಣಿ ಆಗಬಹುದು' ಅಂತ ಬರೀರಿ, ಸಾಕು."

"ಗೌಡ್ರ, ಅಡಚಣಿ ಅಂದ್ರ ಯಾರಿಗೂ ಏನೂ ತಿಳಿಯಂಗಿಲ್ರಿ. ಏನು ಮಾಡಬೇಕು ಅನ್ನೂದು ಹೇಳಬೇಕು."

ಅವರು ಗೊಣಗುತ್ತಾ ಹೋದರು. ನಾನು ಬರೆದದ್ದನ್ನು ಬರೆದಂತೆಯೇ ಹಾಕಿದೆ, ಕೆಲಸದ ದಿನ ಬೆಳಗ್ಗೆ ಮತ್ತೊಮ್ಮೆ ಹಾಕಿದೆ. ಆದರೂ ಜನ ಹೊರಗೆ ಬಿದ್ದರು. ಕಿಟಕಿಯಿಂದ ನೋಡಿದರೆ ಸಂತೆ ಬಯಲಿನಲ್ಲಿ ಎಂದಿನಂತೆ ಗದ್ದಲ. ಹಾಲಿಗೆ ಬಂದ ರತ್ನವ್ವನನ್ನು ಕರೆದು ಕೇಳಿದೆ, ಓದಲಿಲ್ಲವೇನವ್ವ ಎಂದು. "ಓದೇನ್ರೀ ಅಕ್ಕಾರ. ನೀವು ದಿನಾ ಒಂದು ಬರೀತೀರಿ, ದಿನಾ ಏನೂ ಆಗೂದಿಲ್ಲ" ಎಂದು ನಕ್ಕು ಮನೆಯ ಕಡೆ ನಡೆದಳು. ಅವಳು ಹೇಳಿದ್ದು ಸುಳ್ಳಲ್ಲ. ಸಣ್ಣಪುಟ್ಟದ್ದಕ್ಕೆಲ್ಲ ಸೂಚನೆ ಓದಿ ಓದಿ ಊರಿನ ಕಣ್ಣು ಜಡ್ಡುಗಟ್ಟಿತ್ತು.

ಹಳೆಯದನ್ನು ನಿಲ್ಲಿಸಿದೆವು. ಪುಟಗಳು ಒಂದೊಂದಾಗಿ ಹೊಸದಕ್ಕೆ ಬರತೊಡಗಿದವು. ಅರ್ಧ ದಾಟಿರಬೇಕು, ಅಲ್ಲಿಗೆ ನಿಂತವು. ಮಹಾರುದ್ರ ಏನೇನೋ ಒತ್ತಿದ, ತೆಗೆದ, ಮತ್ತೆ ಹಾಕಿದ. ಹಳೆಯ ಮಷಿನ್ ಎಂಥದೋ ಸುಟ್ಟ ವಾಸನೆ ಬಿಟ್ಟಿತು. ಅವನ ಕುತ್ತಿಗೆಯ ಮೇಲೆ ಬೆವರು ಇಳಿಯುವುದು ಕಂಡಿತು. "ಏನಾತಪಾ?" ಎಂದು ಕೇಳುವಷ್ಟರಲ್ಲಿ ನನ್ನ ಕಿವಿ ಗವ್ ಎಂದು ಮುಚ್ಚಿತು.

ಇನ್ನೂ ಬಿಸಿಲು ಏರಿರಲಿಲ್ಲ. ಹೊರಗೆ ಸಂತೆಯ ಗದ್ದಲ ಒಮ್ಮೆಲೇ ನಿಂತುಹೋಯಿತು. ಕಿವಿ ತೆರೆದುಕೊಂಡಾಗ ನನಗೆ ಮೊದಲು ಕೇಳಿಸಿದ್ದು ಆ ನಿಶ್ಶಬ್ದವೇ. ಆಮೇಲೆ ಯಾರೋ ಒಬ್ಬ ಹೆಂಗಸು ಕೂಗಿದಳು.

ಮಹಾರುದ್ರನ ಫೋನ್ ರಿಂಗಾಯಿತು. ಅವನ ತಾಯಿ. ಅವನು ಅದನ್ನು ಮೇಜಿನ ಮೇಲೆಯೇ ಇಟ್ಟು ದೊಡ್ಡ ದನಿಯಲ್ಲಿ ಕೇಳುವಂತೆ ಮಾಡಿದ.

"ಮಾರುದ್ರಾ, ಎಡಕ್ಕ ಯಾರೂ ಇಲ್ಲೋ."

"ಬಲಕ್ಕ ನೋಡಬೇ."

"ಬಲಕ್ಕೂ ಯಾರಿಲ್ಲ. ಬರೇ ಬಯಲ. ಜಾಲಿ ಗಿಡ ಅದಾವ."

"ಟಾಕಿ ಕಾಣ್ತೈತೇನು?"

"ಇಲ್ಲಪಾ. ಹೊರಗ ಇಳದು ನೋಡ್ಲೇನು?"

"ಬ್ಯಾಡ! ಹೊಸ್ತಲಾ ದಾಟಬ್ಯಾಡ ಯವ್ವಾ. ಒಳಗ ಕುಂದ್ರು. ನಾ ಬರೂತನಕಾ ಹೊಸ್ತಲಾ ದಾಟಬ್ಯಾಡ."

"ದಾಟೂದಿಲ್ಲ ಬಿಡು. ಅನ್ನಕ್ಕ ಎಸರ ಇಟ್ಟೇನಿ, ಯಾವಾಗ ಬರ್ತಿ..." ಎಂದಳು. ಅಷ್ಟಕ್ಕೆ ದನಿ ಕಡಿಯಿತು. ಅವನು ತಿರುಗಿ ತಿರುಗಿ ಫೋನ್ ಮಾಡಿದ. ಹೋಗಲಿಲ್ಲ. ಊರು ಹೊರಳುವ ಮೊದಲು ಅವರ ಎಡಕ್ಕಿದ್ದವರು ಮದುವೆಗೆಂದು ಮನೆಗೆ ಬೀಗ ಹಾಕಿ ಬೇರೆ ಊರಿಗೆ ಹೋಗಿದ್ದರಂತೆ. ಬಲಕ್ಕಿದ್ದ ಮಾಸ್ತರರು ಶಾಲೆಯಲ್ಲಿದ್ದರು. ಅಕ್ಕಪಕ್ಕವೂ ನಿಂತಿತ್ತು, ಕಲ್ಲವ್ವನ ಹೆಸರು ಹೇಳಲು ಯಾರೂ ಇರಲಿಲ್ಲ.

"ಹೋಗು ನೀನು" ಎಂದೆ.

"ಎಲ್ಲಿಗೆ ಹೋಗ್ಲಿ ಅಕ್ಕಾರ?" ಎಂದು ಮಷಿನ್ ಕಡೆ ತಿರುಗಿದ. ದಾರಿ ಹೇಳುವ ವಸ್ತು ಅವನ ಕೈಯಲ್ಲೇ ಸತ್ತು ಬಿದ್ದಿತ್ತು.

ಅಷ್ಟರಲ್ಲಿ ಕೋಣೆಯ ಮುಂದೆ ಜನ ತುಂಬಿದ್ದರು. ಮೊದಲು ಒಳನುಗ್ಗಿದವಳು ರತ್ನವ್ವ. ಕೈಯಲ್ಲಿ ಉಪ್ಪಿನ ಪೊಟ್ಟಣ. ನಗು ಎಲ್ಲಿ ಹೋಯಿತೋ. "ಕೂಸಿನ್ನ ತೊಟ್ಟಲದಾಗ ಮಲಗಿಸಿ ಬಂದೀನ್ರೀ ಅಕ್ಕಾರ. ಬರೇ ಉಪ್ಪು ತರಾಕ. ಬಾಗಲಾ ಮುಂದ ಮಾಡಿ ಬಂದೀನಿ. ನನ್ನ ಮನಿ ಎಲ್ಲೈತಿ ಹೇಳ್ರಿ, ನಿಮ್ಮ ಕಾಲಿಗೆ ಬೀಳ್ತೀನಿ." ಅವಳ ಹಿಂದೆ ಗಂಡಸರು ಕೂಗಾಡುತ್ತಿದ್ದರು, ನಾವೇ ಹುಡುಕುತ್ತೇವೆ, ಓಣಿ ಓಣಿ ಹೊಕ್ಕರೆ ಸಿಗುವುದಿಲ್ಲವೇ ಎಂದು. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿದ್ದು. ಹಿಂದಿನ ಬೇಸಿಗೆಯಲ್ಲಿ ಹಾಗೆ ಹುಡುಕಲು ಹೋದ ಇಬ್ಬರು ಊರಂಚು ಎಲ್ಲಿ ಮುಗಿಯಿತೆಂದು ತಿಳಿಯದೆ ಬಯಲಿಗೆ ನಡೆದುಬಿಟ್ಟಿದ್ದರು. ಅವರ ಚಪ್ಪಲಿಯೂ ಸಿಗಲಿಲ್ಲ.

ನಾನು ಮಹಾರುದ್ರನ ಕಿವಿಯ ಹತ್ತಿರ ಕೇಳಿದೆ, ಏನು ಉಳಿದಿದೆ ಎಂದು. ಅವನು ಪಿಸುಗುಟ್ಟಿದ. ಹೊಸದರಲ್ಲಿ ಒಂದು ಪುಟವನ್ನಷ್ಟೇ ತೆರೆಯಬಹುದು, ಸೂಚನೆಯ ಪುಟ. ಎಲ್ಲರೂ ಓದಬಹುದು, ಬರೆಯಲು ಯಾರಿಗೂ ಆಗದು. ಹಳೆಯ ಪುಟಗಳಲ್ಲಿ ಎಷ್ಟೋ ಬಂದಿಲ್ಲ, ಯಾವುವು ಎಂದು ಅವನಿಗೂ ತಿಳಿಯದು.

"ಪುಟ ಹೋಗ್ಯಾವು ಅಂತ ಬರೀಬ್ಯಾಡ್ರಿ ಅಕ್ಕಾರ" ಎಂದ. "ಬರದ್ರ ಎಲ್ಲಾರೂ ಓಡ್ತಾರ."

"ಬರೀದಿದ್ರೂ ಓಡ್ತಾರ, ಮಹಾರುದ್ರ. ನೋಡಲ್ಲಿ."

ಕೂತು ಬರೆದೆ. 'ಅಕ್ಕಪಕ್ಕ ನಿಂತಿದೆ. ಯಾವಾಗ ಸರಿಯಾಗುತ್ತದೆ ಎಂದು ನಮಗೆ ಗೊತ್ತಿಲ್ಲ. ಕೆಲವು ಮನೆಗಳ ಪುಟಗಳು ಹೋಗಿವೆ. ಹೊರಗೆ ಇರುವವರು ಹುಡುಕಿಕೊಂಡು ಹೋಗಬೇಡಿ, ಟಾಕಿಯ ಕೆಳಗೆ ಬಂದು ನಿಲ್ಲಿ. ಮನೆಯಲ್ಲಿ ಇರುವವರು ಬಾಗಿಲಿಗೆ ಬನ್ನಿ. ನಿಮ್ಮ ಹೆಸರು, ನಿಮ್ಮ ಎಡಬಲದವರ ಹೆಸರು, ಇಷ್ಟನ್ನು ಟಾಕಿಯ ದಿಕ್ಕಿನಲ್ಲಿರುವ ಮನೆಗೆ ಕೂಗಿ ಹೇಳಿ. ಕೇಳಿದವರು ಮುಂದಿನ ಮನೆಗೆ ಕೂಗಿ. ಮತ್ತೆ ಬರೆಯುತ್ತೇನೆ. ಪ್ರಭಾವತಿ.' ಬರೆದು, ಹೊರಗೆ ಬಂದು, ಕಟ್ಟೆಯ ಮೇಲೆ ನಿಂತು ಅದನ್ನೇ ಓದಿ ಹೇಳಿದೆ. ಪುಟಗಳು ಹೋಗಿವೆ ಎಂಬಲ್ಲಿಗೆ ಬಂದಾಗ ಜನರ ನಡುವಿನಿಂದ ನರಳಿಕೆಯಂಥ ಒಂದು ಸದ್ದು ಎದ್ದಿತು. ಯಾರೋ ನನ್ನನ್ನು ಬೈದರು. ಆದರೆ ಓಡಲಿಲ್ಲ. ಏನಾದರೂ ಕೇಳಿಸುತ್ತದೆಯೇ ಎಂದು ಎಲ್ಲರೂ ಕಿವಿಗೊಟ್ಟು ನಿಂತರು.

ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಪೂರ್ವದ ಕಡೆಯಿಂದ ಒಂದು ಗಂಡು ದನಿ: "ಗಿರಣಿ ಈರಣ್ಣ! ಎಡಕ್ಕ ಹೂಗಾರರು! ಬಲಕ್ಕ ಬಡಿಗೇರರು!" ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ಹೆಸರುಗಳು ಬಾಯಿಂದ ಬಾಯಿಗೆ ದಾಟುತ್ತಾ ನಾಲ್ಕೂ ಕಡೆಯಿಂದ ಟಾಕಿಯ ಬುಡಕ್ಕೆ ಬಂದು ಸೇರತೊಡಗಿದವು. ಕೆಲವು ದಾರಿಯಲ್ಲಿ ಮುಕ್ಕಾಗಿ ಬರುತ್ತಿದ್ದವು. ನನ್ನ ಅತ್ತೆಯ ಹೆಸರು ತಂಗೆವ್ವ ಹೋಗಿ ನಿಂಗವ್ವ ಆಗಿತ್ತು, ಆದರೆ 'ಸೊಸಿಗೆ ಊಟಾ ಮುಚ್ಚಿಟ್ಟೇನಿ' ಎಂಬ ಮಾತು ಅದರ ಬಾಲ ಹಿಡಿದು ಬಂದದ್ದರಿಂದ ಅವರೇ ಎಂದು ತಿಳಿಯಿತು. ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಕೂತಲ್ಲಿಂದ ರತ್ನವ್ವನ ಮುಖ ಕಂಡು ಮತ್ತೆ ಎದ್ದೆ.

ಅವಳ ಮನೆಯಿಂದ ಹೆಸರು ಕೂಗಲು ಯಾರಿದ್ದರು? ನಾನು ಒಳಗೆ ಹೋಗಿ ಇನ್ನೊಂದು ಸೂಚನೆ ಹಾಕಿದೆ: 'ಕೂಸಿನ ಅಳು ಕೇಳಿಸಿದವರು ಹೇಳಿ. ರತ್ನವ್ವನ ಮಗು ಮನೆಯಲ್ಲಿ ಒಂಟಿಯಾಗಿದೆ.' ಆ ಮಾತು ಯಾವ ಓಣಿಗೆ ಮುಟ್ಟಿತೋ, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಉತ್ತರದ ಕಡೆಯಿಂದ ಒಂದು ಮುದಿ ದನಿ ಬಂತು. "ಮಠಪತಿಯವರ ಬಲಕ್ಕ ಕೂಸು ಅಳಾಕತ್ತಿತ್ತು. ಬಾಗಲಾ ದೂಡಿ ಎತ್ತಿಕೊಂಡೀವಿ. ಹಾಲು ಕುಡಿವಲ್ದು, ತಾಯಿನ್ನ ಕಳಸ್ರಿ!" ರತ್ನವ್ವ ಉಪ್ಪನ್ನು ಅಲ್ಲೇ ಚೆಲ್ಲಿ ಓಡಿದಳು. ಅವಳ ಮುಂದೆ ದಾರಿಯುದ್ದಕ್ಕೂ ಬಾಗಿಲಲ್ಲಿ ನಿಂತವರು ಕೈ ಚಾಚಿ ದಾರಿ ತೋರಿಸಿದರು.

ಸಂಜೆಯ ಹೊತ್ತಿಗೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಮಹಾರುದ್ರ ಹೊಸ ಮಷಿನ್ನನ್ನು ಎಬ್ಬಿಸಿದ, ಜನ ಬರೆಯಲು ಶುರುಮಾಡಿದರು. ಎಲ್ಲ ಮನೆಗಳೂ ಗಂಟಿಗೆ ಗಂಟು ಕೂಡಿದವು. ಕಲ್ಲವ್ವನ ಮನೆ ಮಾತ್ರ ಯಾರ ಎಡಕ್ಕೂ ಇರಲಿಲ್ಲ, ಯಾರ ಬಲಕ್ಕೂ ಇರಲಿಲ್ಲ.

ಸಂಗನಗೌಡರು ಬಂದು ಬೆನ್ನು ತಟ್ಟಿದರು. "ಚೊಲೋ ಆತು. ಈಗ 'ಎಲ್ಲಾ ಸರಿಹೋಗೇತಿ, ಹೊಸ ಅಕ್ಕಪಕ್ಕ ಶುರುವಾತು' ಅಂತ ಬರೀರಿ. ಮಂದಿ ಬಾಳ ಅಂಜ್ಯಾರ."

ನಾನು ಮಹಾರುದ್ರನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ. "ಏನು ಬರೀಲಿ?" ಎಂದು ಕೇಳಿದೆ.

"ಇದ್ದದ್ದು ಬರೀರಿ" ಎಂದ.

'ಹೊಸ ಅಕ್ಕಪಕ್ಕ ನಡೆಯುತ್ತಿದೆ. ಒಂದು ಮನೆ ಸಿಕ್ಕಿಲ್ಲ. ಕಲ್ಲವ್ವನ ಮನೆ. ಕಂಡವರು ಬರೆಯಿರಿ' ಎಂದು ಬರೆದೆ. ಗೌಡರು ಹೊರಟುಹೋದರು.

ಅದರ ಮರುದಿನದಿಂದ ನಾನು ಕಂಡದ್ದು ಬೇರೆ ಭಯ. ಹೊಸ ಮಷಿನ್ ಮನೆ ನುಂಗುತ್ತದೆ ಎಂದು ಸುದ್ದಿ ಹಬ್ಬಿತು. ಕೆಲವರು ತಮ್ಮ ಪುಟದಲ್ಲಿ ಬರೆಯಲು ಹೆದರಿದರು, ಬರೆಯದಿದ್ದರೆ ಜಾರುತ್ತೇವೆ ಎಂದು ಅದಕ್ಕೂ ಹೆದರಿದರು. ಸೂಚನೆಯಿಂದ ಕಲ್ಲವ್ವನ ಹೆಸರನ್ನು ತೆಗೆದುಹಾಕಿರಿ, ಬೆಳಗಾಗೆದ್ದು ಅದನ್ನು ಓದಲಾರೆವು ಎಂದು ಬೇಡಿಕೊಂಡವರೂ ಇದ್ದರು. ನಾನು ತೆಗೆಯಲಿಲ್ಲ. ದಿನವೂ ಏನು ಸರಿಯಾಯಿತು, ಏನು ಇನ್ನೂ ಆಗಿಲ್ಲ, ಎಲ್ಲವನ್ನೂ ಬರೆದು ಕೊನೆಗೆ ಅದೇ ಸಾಲು ಬರೆಯುತ್ತಿದ್ದೆ. ಮಹಾರುದ್ರ ಊಟ ಬಿಟ್ಟಿದ್ದ. ಅವ್ವನ ಹಂಡೆಯಲ್ಲಿ ನೀರು ಎಷ್ಟಿತ್ತೋ ಎಂದು ಒಮ್ಮೆ ತನ್ನಷ್ಟಕ್ಕೆ ಅಂದ. ನಾನು ಕೇಳಿಸಿಕೊಳ್ಳದವಳಂತೆ ತಿರುಗಿ ಕುಳಿತೆ.

ಕೊನೆಗೆ ಇನ್ನೊಂದು ಸಾಲು ಸೇರಿಸಿದೆ. 'ಇವತ್ತು ಊರಂಚಿಗೆ ಬಂದಿರುವ ಮನೆಯವರು ದಯವಿಟ್ಟು ಹಿತ್ತಲ ಬಾಗಿಲು ತೆಗೆದು ನೋಡಿ.' ಯಾರೂ ಉತ್ತರಿಸಲಿಲ್ಲ. ನಾನಾಗಿದ್ದರೆ ತೆಗೆಯುತ್ತಿದ್ದೆನೇ? ಗೊತ್ತಿಲ್ಲ. ಅದನ್ನು ಮರುದಿನವೂ ಬರೆದೆ, ಅದರ ಮರುದಿನವೂ.

ಒಂದು ಬೆಳಗ್ಗೆ ಬೀಬಿಜಾನಳ ಪುಟ ತೆರೆಯಿತು. ಬಳೆ ಮಾರುವ ಬೀಬಿಜಾನ್, ವಯಸ್ಸಾದವಳು, ಎಲ್ಲರ ಮನೆಯ ಹೆಣ್ಣುಮಕ್ಕಳ ಕೈ ಅಳತೆ ಬಲ್ಲವಳು. ಬರೆದವಳು ಅವಳ ಸೊಸೆ ಜುಬೇದಾ. 'ನಮ್ಮ ಅತ್ತಿ ಹಿತ್ತಲ ಬಾಗಲಾ ತಗದಾರ. ನಾ ಬ್ಯಾಡ ಅಂದೆ, ಕೇಳಲಿಲ್ಲ. ಬಯಲಾಗ ದೂರ ಒಂದು ಸುಣ್ಣದ ಗ್ವಾಡಿ ಕಾಣತೈತಿ. ಬಾಗಲದಾಗ ಯಾರೋ ಕುಂತಾರ. ಕಣ್ಣು ತಗದ್ರ ಹೋಗತೈತಿ ಅಂತ ಅತ್ತಿ ಅತ್ಲಾಗ ನೋಡಕೋತ ಕುಂತಾರ. ಜಲ್ದಿ ಬರ್ರಿ.'

ನಾನು ಗಟ್ಟಿಯಾಗಿ ಓದಿ ಮುಗಿಸುವ ಮೊದಲೇ ಮಹಾರುದ್ರ ಬೀದಿಗಿಳಿದಿದ್ದ. ನಾನು ಸೂಚನೆ ಹಾಕಿದೆ: 'ಕಲ್ಲವ್ವನ ಮನೆ ಕಂಡಿದೆ. ಮಹಾರುದ್ರ ಹೋಗುತ್ತಿದ್ದಾನೆ. ಬೀಬಿಜಾನಳ ಪುಟ ನೋಡುತ್ತಿರಿ.' ಅವತ್ತು ಊರಿನಲ್ಲಿ ಬೇರೆ ಯಾರೂ ಏನೂ ಬರೆಯಲಿಲ್ಲ. ಜುಬೇದಾ ಮಾತ್ರ ಬರೆಯುತ್ತಿದ್ದಳು. ಬಂದಾನ. ಹಿತ್ತಲ ದಾಟ್ಯಾನ. ಜಾಲಿ ಗಿಡದಾಗ ಓಡಾಕತ್ಯಾನ. ಅತ್ತಿ ಕಣ್ಣಾಗ ನೀರು ಸುರ್ಯಾಕತ್ತೈತಿ, ರೆಪ್ಪಿ ಬಡದಿಲ್ಲ. ಅರ್ಧಾ ದಾರಿ ಹೋಗ್ಯಾನ. ಬಿದ್ದ. ಎದ್ದ. ಹೊಸ್ತಲಾ ಮುಟ್ಟಿದ. ಇಬ್ಬರೂ ಒಳಗ ಹೋದ್ರು, ಬಾಗಲಾ ಹಾಕ್ಕೊಂಡ್ರು.

ಆಗ ನನ್ನ ಕಿವಿ ಮುಚ್ಚಿತು.

ತೆರೆದುಕೊಂಡ ಮೇಲೆ ಜುಬೇದಾಳ ಒಂದು ಸಾಲು ಬಂತು: 'ಹಿತ್ತಲದಾಗ ಈಗ ಬರೇ ಬಡಿಗೇರರ ಗ್ವಾಡಿ ಐತಿ. ಬಯಲು ಇಲ್ಲ. ಅವರ ಮನಿ ಕಾಣವಲ್ದು.'

ಟಾಕಿಯ ಕೆಳಗೆ ಜನ ಬಂದು ಸೇರಿದ್ದರು. ಯಾರೂ ಕರೆದಿರಲಿಲ್ಲ. ರತ್ನವ್ವ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಿಗೆ ಒರಗಿದ್ದಳು. ಸಂಗನಗೌಡರೂ ಬಂದರು, ಟೋಪಿ ಕೈಯಲ್ಲಿ ಹಿಡಿದು. ಮಹಾರುದ್ರನ ಫೋನಿಗೆ ಕರೆ ಹೋಗುತ್ತಿರಲಿಲ್ಲ. ಏನು ಬರೆಯಬೇಕೆಂದು ತಿಳಿಯದೆ, 'ಇನ್ನೂ ಸುದ್ದಿಯಿಲ್ಲ. ಕಾಯುತ್ತಿದ್ದೇವೆ' ಎಂದಷ್ಟೇ ಬರೆದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದನ್ನೇ ಬರೆದೆ. ಮೂರನೆಯ ಸಲ ಬರೆಯಲು ಕೈ ಇಟ್ಟಾಗ, ಎಂದೂ ಯಾರೂ ಬರೆಯದೆ ಖಾಲಿ ಉಳಿದಿದ್ದ ಕಲ್ಲವ್ವನ ಪುಟದಲ್ಲಿ ಒಂದು ಸಾಲು ಮೂಡಿತು.

'ಇಬ್ಬರೂ ಒಳಗ ಅದೀವಿ. ಕಿಟಕಿ ಇನ್ನೂ ತಗದಿಲ್ಲ. ಅವ್ವಗ ಅಂಜಿಕಿ ಆಗೇತಿ. ನನಗೂ.'

ನಾನು ಅದರ ಕೆಳಗೆ ಬರೆದೆ: 'ಎಲ್ಲಾರೂ ಇಲ್ಲೇ ಅದೀವಿ, ಓದಾಕತ್ತೀವಿ. ತಗೀರಿ.'

ಆ ಹೊತ್ತು ಎಷ್ಟು ಉದ್ದವಿತ್ತೋ ಹೇಳಲಾರೆ. ಸಂಗನಗೌಡರು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು.

'ಎಡಕ್ಕ ಬಯಲ' ಎಂದು ಬಂತು. ಕೋಣೆಯಲ್ಲಿ ಯಾರೋ ಅತ್ತರು. ಅದರ ಹಿಂದೆಯೇ ಇನ್ನೊಂದು ಸಾಲು ಬಂತು: 'ಬಲಕ್ಕ ಒಂದು ಮನಿ ಐತಿ. ಯಾರದು ಗೊತ್ತಾಗವಲ್ದು. ಅಂಗಳದಾಗ ಹಸರ ಸೀರಿ ಒಣಹಾಕ್ಯಾರ. ಯಾರದರ ಹೇಳ್ರಿ.'

ಊರಿನ ಹೆಂಗಸರೆಲ್ಲ ತಮ್ಮ ತಮ್ಮ ಅಂಗಳಕ್ಕೆ ಓಡಿರಬೇಕು. ಉತ್ತರ ಬಂದದ್ದು ಅಂಬಿಗೇರ ಸಾವಕ್ಕನ ಪುಟದಲ್ಲಿ. ನಾನು ಅವಳ ಮುಖ ಕೂಡ ಸರಿಯಾಗಿ ಬಲ್ಲವಳಲ್ಲ.

'ಸೀರಿ ನಂದು. ನಮ್ಮ ಎಡಕ್ಕ ಕಲ್ಲವ್ವ. ಬಾಗಲಾ ತಗೀ ಕಲ್ಲವ್ವ, ನೀರು ತರಾಕತ್ತೀನಿ.'